ಎಕ್ಕೆ ಗಿಡ ಹಿಡಿದು ನಿಂತವರು

ಹೋದ ತಿಂಗಳ ಕೊನೆಯ ದಿನ ಅವರು ಹೆಗಲಿನ ಚೀಲ ಇಳಿಸಿದರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸಿಂಧನೂರು, ಮಸ್ಕಿ, ಲಿಂಗಸುಗೂರು ರೋಡಿನಲ್ಲಿ ಟಿಕೆಟ್ ಕೊಟ್ಟ ಕಂಡಕ್ಟರಮ್ಮ. ಹೆಸರು ಬರೆಯುವುದಿಲ್ಲ. ಆ ರೋಡಿನಲ್ಲಿ ಓಡಾಡುವವರಿಗೆ ಹೆಸರು ಬೇಕಾಗಿಲ್ಲ, ಉಳಿದವರಿಗೆ ಹೇಳುವ ಹಕ್ಕು ನನಗಿಲ್ಲ. ಆ ಹಕ್ಕನ್ನು ನಾನೇ ಹೇಗೆ ಕಳೆದುಕೊಂಡೆ ಎಂಬುದನ್ನು ಬಿಟ್ಟು ಅವರ ಬಗ್ಗೆ ಎರಡು ಸಾಲು ಕೂಡ ಬರೆಯಲಾರೆ.

ಬೆಳಿಗ್ಗೆ ಸಿಂಧನೂರಿನಿಂದ ಹೊರಟ ಬಸ್ಸು ಎಂಟೂ ಕಾಲಿಗೆ ಮಸ್ಕಿಗೆ ಬರುತ್ತಿತ್ತು. ನಾನು ಅಲ್ಲಿ ಹತ್ತಿ ಲಿಂಗಸುಗೂರಿನಲ್ಲಿ ಇಳಿಯುವವಳು, ಅಲ್ಲಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಕಂಡಕ್ಟರಮ್ಮ ಐದಡಿ ಎತ್ತರ, ಕಡ್ಡಿಯಂಥ ಕೈಕಾಲು. ಖಾಕಿ ಕೋಟು ಮೊಳೆಗೆ ನೇತುಹಾಕಿದಂತೆ ಕಾಣುತ್ತಿತ್ತು. ದನಿ ಮಾತ್ರ ಬಸ್ಸಿನ ಈ ತುದಿಯಿಂದ ಆ ತುದಿಗೆ ಮುಟ್ಟುವಂಥದ್ದು, ಸೀಟಿ ಊದಿದ್ದನ್ನು ನಾನು ನೋಡಿಲ್ಲ. ಹೆಂಗಸರ ಸೀಟಿನಲ್ಲಿ ಗಂಡಸರು ಕೂತರೆ ಅವರಿಗೆ ತಡೆಯುತ್ತಿರಲಿಲ್ಲ. ಒಮ್ಮೆ ರುಮಾಲು ಸುತ್ತಿದ ಗೌಡರೊಬ್ಬರು ಕೂತಿದ್ದರು. ಮೇಲೆ ಬರೆದದ್ದನ್ನು ಓದಿರಿ ಎಂದರು ಇವರು. ಚಾಳೀಸು ಮರೆತು ಬಂದಿದ್ದೇನೆ ಎಂದರು ಗೌಡರು. ಹಾಗಾದರೆ ನಾನೇ ಓದುತ್ತೇನೆ ಎಂದು ಇವರು 'ಮಹಿಳೆಯರಿಗೆ' ಎಂಬುದನ್ನು ಒಂದೊಂದೇ ಅಕ್ಷರ ಬಿಡಿಸಿ, ಒಂದನೇ ಇಯತ್ತೆಯ ಮಕ್ಕಳಿಗೆ ಹೇಳಿಕೊಟ್ಟಂತೆ ಮೂರು ಸಲ ಓದಿದರು. ಬಸ್ಸಿಗೆ ಬಸ್ಸೇ ನಕ್ಕಿತು. ಗೌಡರೂ ನಗುತ್ತಲೇ ಎದ್ದರು.

ನನಗೂ ಅವರಿಗೂ ಸಲಿಗೆ ಬೆಳೆದದ್ದು ಊಟದ ಡಬ್ಬಿಯಿಂದ. ಲಿಂಗಸುಗೂರಿನಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಲ್ಲುತ್ತಿತ್ತು. ಬಾಗಿಲ ಹತ್ತಿರದ ಸೀಟಿನಲ್ಲಿ ಕೂತು ಅವರು ಮೂರು ಅಂತಸ್ತಿನ ಡಬ್ಬಿ ಬಿಚ್ಚುತ್ತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿ, ಮೊಸರನ್ನ. ಇಷ್ಟೆಲ್ಲ ಯಾರು ಕಟ್ಟಿಕೊಡುತ್ತಾರೆ ಎಂದು ಕೇಳಿದರೆ, ನಮ್ಮನಿಯವರು ಎನ್ನುತ್ತಿದ್ದರು. ನಮ್ಮ ಕಡೆ ಹೆಂಗಸರು ಗಂಡನನ್ನು ಹೇಳುವುದೇ ಹಾಗೆ. ಬೆಳಗಿನ ಐದಕ್ಕೆ ಎದ್ದು ರೊಟ್ಟಿ ಬಡಿಯುವ ಗಂಡನನ್ನು ನೆನೆದೇ ನನಗೆ ಹೊಟ್ಟೆಕಿಚ್ಚು. ನನ್ನ ಗಂಡ ಒಳ್ಳೆಯವರು, ಆದರೆ ಚಹಾ ಬೇಕಾದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಮ್ಮುವವರು. ಕಂಡಕ್ಟರಮ್ಮನ ಗಂಡನ ಉದಾಹರಣೆ ಕೊಟ್ಟು ಮನೆಯಲ್ಲಿ ಒಂದೆರಡು ಸಲ ಜಗಳವನ್ನೂ ಆಡಿದ್ದೆ.

ಒಂದು ಭಾನುವಾರ ಕುಪ್ಪಸ ಹೊಲಿಸಲು ಸಿಂಧನೂರಿಗೆ ಹೋದೆ. ಹೊಲಿಗೆ ಚೆನ್ನಾಗಿದೆ ಎಂದು ಕಂಡಕ್ಟರಮ್ಮನೇ ವಿಳಾಸ ಹೇಳಿದ್ದರು. ಸಂದಿಯೊಳಗಿನ ಎರಡು ಕೋಣೆಯ ಮನೆ, ಮುಂದಿನ ಕೋಣೆಯಲ್ಲಿ ಮಷಿನ್. ಮಷಿನ್ನಿನ ಮುಂದೆ ಎತ್ತರದ, ದಪ್ಪ ಮೈಯ ಹೆಂಗಸೊಬ್ಬರು ಕೂತಿದ್ದರು. ಒಳಗಿನಿಂದ ಕಂಡಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಬಂದು, ಇವರೇ ನೋಡ್ರಿ ನಮ್ಮನಿಯವರು ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಆ ಹೆಂಗಸು ನಾಚಿ ತಲೆ ತಗ್ಗಿಸಿ ಅಳತೆಯ ಟೇಪು ಹುಡುಕತೊಡಗಿದರು. ಟೇಪು ಅವರ ಕೊರಳಲ್ಲೇ ಇತ್ತು. ತೋಳಿನ ಅಳತೆ ಮುಗಿಯುವ ಹೊತ್ತಿಗೆ ನನಗೆ ತಿಳಿಯಿತು. ಮಕ್ಕಳಿಗೆ ಸಮಾಜದ ಪಾಠ ಹೇಳುವವಳಿಗೆ ಅಷ್ಟು ಹೊತ್ತು ಬೇಕಾಯಿತು.

ಆಮೇಲೆ ನಾನು ಅವರನ್ನು ಟೇಲರಕ್ಕ ಎಂದೇ ಕರೆದೆ. ಗೊರೇಬಾಳದ ಗದ್ದೆಯವರ ಮನೆಯ ಮಗಳು. ಕಂಡಕ್ಟರಮ್ಮನದು ಸಾಲಗುಂದ. ಹೇಗೆ ಕೂಡಿದರು ಎಂದು ನಾನು ಕೇಳಲಿಲ್ಲ. ಕೇಳಬಾರದ ಇನ್ನೊಂದನ್ನು ಮಾತ್ರ ಒಮ್ಮೆ ಕೇಳಿಬಿಟ್ಟೆ, ನಿಮ್ಮಿಬ್ಬರಲ್ಲಿ ಗಂಡ ಯಾರು, ಹೆಂಡತಿ ಯಾರು ಎಂದು. ಕಂಡಕ್ಟರಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಪಗಾರ ತರುವವಳು ನಾನು, ಗ್ಯಾಸಿನ ಸಿಲಿಂಡರ್ ಎತ್ತುವವಳು ಅವಳು, ಹಲ್ಲಿ ಕಂಡರೆ ಇಬ್ಬರೂ ಓಡುತ್ತೇವೆ ಎಂದು ಲೆಕ್ಕ ಕೊಟ್ಟರು. ಹಾಗಲ್ಲ ಎಂದು ಒತ್ತಾಯ ಮಾಡಿದೆ.

"ಜ್ವರ ಬಂದಾಕಿ ಮಲಗ್ತಾಳ, ಇನ್ನೊಬ್ಬಾಕಿ ಗಂಜಿ ಕಾಸ್ತಾಳ. ಇದರಾಗ ಗಂಡ ಯಾರು ಅಂತ ನೀವ ಹೇಳ್ರಿ ಟೀಚರ್, ಓದಿದವರು."

ಹಿಂದಿನ ವಾರವಷ್ಟೇ ನನಗೆ ಜ್ವರ ಬಂದಿತ್ತು, ಗಂಜಿಯನ್ನು ನಾನೇ ಕಾಸಿಕೊಂಡಿದ್ದೆ.

ಮದುವೆಯ ಮಾತು ತೆಗೆದವರು ಟೇಲರಕ್ಕ. ಅವರಿಗೆ ಒಂದು ಹೆದರಿಕೆ ಇತ್ತು. ಅವರ ಮನೆತನದಲ್ಲಿ ಮದುವೆಯಾಗದೆ ಸತ್ತವರನ್ನು ಹಾಗೇ ಮಣ್ಣು ಮಾಡುವುದಿಲ್ಲ. ಎಕ್ಕೆ ಗಿಡ ತಂದು, ಹೆಣಕ್ಕೂ ಗಿಡಕ್ಕೂ ಮದುವೆ ಮಾಡಿ ಆಮೇಲೆ ಹೂಳುತ್ತಾರೆ. ಸಣ್ಣವರಿದ್ದಾಗ ಚಿಕ್ಕಮ್ಮನೊಬ್ಬಳಿಗೆ ಹಾಗೆ ಮಾಡಿದ್ದನ್ನು ಅವರು ನೋಡಿದ್ದರು. ತನಗೂ ಹಾಗೆ ಮಾಡುತ್ತಾರೆ, ಇಷ್ಟು ವರ್ಷ ಸಂಸಾರ ಮಾಡಿದವಳನ್ನು ಒಂದು ಗಿಡಕ್ಕೆ ಕಟ್ಟುತ್ತಾರೆ ಎಂದು ನಿದ್ದೆಯಲ್ಲಿ ಬೆಚ್ಚಿ ಏಳುತ್ತಿದ್ದರಂತೆ. ಮದುವೆ ಆಗಿಬಿಟ್ಟರೆ ಆ ಕಾಟವಿಲ್ಲ. ಆದರೆ ಮಾಡಿಸುವವರು ಯಾರು? ಯಾವ ಅಯ್ಯನವರು ಬರುತ್ತಾರೆ?

ಆಗ ಕಂಡಕ್ಟರಮ್ಮನಿಗೆ ನಾನು ನೆನಪಾದೆ. ನಾವು ಬೌದ್ಧರು. ನನ್ನ ಮದುವೆಯಲ್ಲಿ ಮುಹೂರ್ತ ಇರಲಿಲ್ಲ, ಕನ್ಯಾದಾನ ಇರಲಿಲ್ಲ. ಪಾಮನಕಲ್ಲೂರಿನ ಮನೆಯಂಗಳದಲ್ಲಿ ಬುದ್ಧನ ಪಟದ ಮುಂದೆ ನಿಂತು ಇಬ್ಬರೂ ಮಾತು ಕೊಟ್ಟು ಹಾರ ಹಾಕಿಕೊಂಡಿದ್ದೆವು, ಬಂದವರು ಹೂವಿನ ಪಕಳೆ ಚೆಲ್ಲಿದ್ದರು. ಬಸ್ಸಿನಲ್ಲಿ ಎಂದೋ ಹೇಳಿದ್ದನ್ನು ಅವರು ಮರೆತಿರಲಿಲ್ಲ.

"ನಿಮ್ಮಾಗ ಹೆಣ್ಣ ಕೊಡೋರು ತಗೊಳ್ಳೋರು ಅಂತ ಇಲ್ಲಲ್ರಿ. ಇಬ್ಬರು ಮಾತ ಕೊಟ್ರ ಆತು, ನೋಡಾಕ ಒಬ್ಬರಿದ್ರ ಆತು. ನೀವು ಇರ್ತೀರೇನು?"

ಇರುತ್ತೇನೆ ಎಂದೆ. ನನ್ನ ಗಂಡ ಕಚೇರಿಯ ತರಬೇತಿಗೆ ಹೋಗಿದ್ದ ಒಂದು ಮಧ್ಯಾಹ್ನ ಮಸ್ಕಿಯ ನಮ್ಮ ಮನೆಯಲ್ಲಿ ಅದು ನಡೆಯಿತು. ಇಬ್ಬರೂ ಬಿಳಿ ಸೀರೆ ಉಟ್ಟು, ಒಂದೇ ಥಾನಿನ ಬಟ್ಟೆಯ ಕುಪ್ಪಸ ತೊಟ್ಟು ಬಂದಿದ್ದರು. ಬೀದಿಯ ಕಡೆಯ ಕಿಟಕಿಗೆ ಚಿಲಕ ಹಾಕಿದವಳು ನಾನು. ಏನು ಮಾತು ಕೊಡಬೇಕು ಎಂದು ಟೇಲರಕ್ಕ ಕೇಳಿದರು, ಮನಸ್ಸಿಗೆ ಬಂದದ್ದು ಎಂದೆ. ನಿನ್ನ ಬಿಟ್ಟು ಉಣ್ಣುವುದಿಲ್ಲ ಎಂದರು ಅವರು. ನಾನು ಡ್ಯೂಟಿಗೆ ಹೋದಾಗ ಉಪವಾಸ ಇರ್ತಿಯೇನಬೇ ಎಂದು ಕಂಡಕ್ಟರಮ್ಮ ನಕ್ಕರು. ನಗುತ್ತ ನಗುತ್ತಲೇ ಅತ್ತುಬಿಟ್ಟರು. ಹಾರ ಹಾಕಿಕೊಂಡರು, ನಾನು ಪಕಳೆ ಚೆಲ್ಲಿದೆ. ಎಷ್ಟೋ ಮದುವೆಗೆ ಹೋಗಿದ್ದೇನೆ, ಉಂಡು ಬಂದಿದ್ದೇನೆ. ನಾನಿಲ್ಲದಿದ್ದರೂ ನಡೆಯುವ ಮದುವೆಗಳು ಅವು. ಇದೊಂದಕ್ಕೆ ಬೀಗರೂ ನಾನೇ, ಊರೂ ನಾನೇ. ಅಂದು ನನಗೆ ಹೆಮ್ಮೆಯಾಗಿತ್ತು, ಸುಳ್ಳು ಹೇಳುವುದಿಲ್ಲ.

ವರ್ಷಗಳು ಹೋದವು. ದಿಲ್ಲಿಯ ದೊಡ್ಡ ಕೋರ್ಟು ಇಂಥ ಮದುವೆಗಳಿಗೆ ತಾನು ಮಾನ್ಯತೆ ಕೊಡಲಾರೆ ಎಂದ ದಿನ ಬಸ್ಸಿನಲ್ಲಿ ಒಬ್ಬರು ಮೊಬೈಲಿನಲ್ಲಿ ಸುದ್ದಿ ಓದಿ ಹೇಳಿದರು. ಇನ್ನೊಬ್ಬರು, ಮುಂದೆ ಎಮ್ಮೆಗೂ ಮದುವೆ ಕೇಳ್ತಾರ ಎಂದು ಹಾಸ್ಯ ಮಾಡಿದರು. ಕಂಡಕ್ಟರಮ್ಮ ಅವರಿಬ್ಬರಿಗೂ ಚಿಲ್ಲರೆ ಎಣಿಸಿ ಕೊಟ್ಟು, ನನ್ನ ಸೀಟಿನ ಹತ್ತಿರ ಬಂದು ಕಂಬ ಹಿಡಿದು ನಿಂತರು.

"ಆಗಂಗಿಲ್ಲಂತ್ರಿ ಟೀಚರ್. ಆಗಿಹೋಗಿದ್ದಕ್ಕ ಏನ್ ಮಾಡ್ತಾರಂತ?"

ಇಬ್ಬರೂ ನಕ್ಕೆವು. ಸಾಕ್ಷಿ ನಾನಿದ್ದೇನಲ್ಲ ಎಂದೆ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂದು ಈಗ ನೆನೆದರೆ ಮೈ ಉರಿಯುತ್ತದೆ.

ಅದಾಗಿ ವರ್ಷ ತುಂಬಿರಲಿಲ್ಲ, ಟೇಲರಕ್ಕ ಹೋದರು. ಮಷಿನ್ನಿನ ಮುಂದೆ ಎದೆ ಹಿಡಿದುಕೊಂಡವರು ದವಾಖಾನೆ ಮುಟ್ಟಲಿಲ್ಲ. ಆಗ ಕಂಡಕ್ಟರಮ್ಮ ಲಿಂಗಸುಗೂರಿನಲ್ಲಿ ಡ್ಯೂಟಿಯ ಮೇಲಿದ್ದರು. ಅವರು ಸಿಂಧನೂರಿಗೆ ಬರುವಷ್ಟರಲ್ಲಿ ಟೇಲರಕ್ಕನ ಅಣ್ಣತಮ್ಮಂದಿರು ಬಂದು ಹೆಣ ಗೊರೇಬಾಳಕ್ಕೆ ಒಯ್ದಿದ್ದರು. ನನಗೆ ಫೋನು ಬಂತು, ಒಬ್ಬಳೇ ಇದ್ದೇನೆ ಬನ್ನಿ ಎಂದು. ಸಿಂಧನೂರಿನಲ್ಲಿ ಕೂಡಿಕೊಂಡು ಆಟೋದಲ್ಲಿ ಹೋದೆವು. ಖಾಕಿ ಕೋಟು ಅವರ ಮೈಮೇಲೆ ಹಾಗೇ ಇತ್ತು. ದಾರಿಯಲ್ಲಿ ಒಂದೇ ಮಾತು ಹೇಳಿದರು.

"ನಾ ಹೇಳಿದ್ರ ಜಗಳ ತಗದಾಳ ಅಂತಾರ, ಮುಖ ನೋಡಾಕೂ ಬಿಡಂಗಿಲ್ಲ. ನೀವು ಹೊರಗಿನವರು. ಮದುವಿ ಆಗೇತೇನು ಅಂತ ಕೇಳೇ ಕೇಳ್ತಾರ. ಆಗೇತಿ ಅನ್ರಿ. ಯಾರ ಜೋಡಿ ಅಂತ ಹೇಳೂದು ಬ್ಯಾಡ. ಆಗೇತಿ ಅಂದ್ರ ಸಾಕು, ಗಿಡ ತರಂಗಿಲ್ಲ."

ನಾನು ಅವರ ಕೈ ಹಿಡಿದು ಹೂಂ ಎಂದೆ.

ಶಿವಭಕ್ತರ ಮನೆಯ ರೂಢಿಯಂತೆ ಟೇಲರಕ್ಕನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಮೈಮೇಲೆ ಹೊಸ ಸೀರೆ. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ನಾವು ಹೆಂಗಸರ ನಡುವೆ ಕೂತೆವು. ಮನೆಯ ಹಿರಿಯಳು, ಸತ್ತವಳ ಸೋದರತ್ತೆ, ಅತ್ತತ್ತು ದನಿ ಬಿದ್ದ ಮುದುಕಿ, ನಮ್ಮ ಕಡೆ ಸರಿದು ಬಂದಳು. ನನ್ನ ಕನ್ನಡಕ, ಕೈಚೀಲ ನೋಡಿ ನನ್ನನ್ನೇ ಕೇಳಿದಳು.

"ಯವ್ವಾ, ಇಷ್ಟ ವರ್ಷ ಪ್ಯಾಟ್ಯಾಗ ಇದ್ಲು. ನಮಗ ಹೇಳಲಾರದ ಎಲ್ಲೆರ ಮದುವಿ ಆಗಿದ್ಲೇನು? ಆಗಿದ್ರ ಈಗರ ಹೇಳವ್ವಾ. ಒಬ್ಬರ ಮನಿಯಾಕಿನ ಮತ್ತ ಮದುವಿ ಮಾಡಿದ್ರ ನಮಗ ಪಾಪ ಹತ್ತತೈತಿ."

ಕುಹಕವಿಲ್ಲ, ಬೆದರಿಕೆಯಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ ಪ್ರಶ್ನೆ. ಒಂದು ಪದದ ಉತ್ತರ ಸಾಕಿತ್ತು. ಬಾಗಿಲಲ್ಲಿ ಇಬ್ಬರು ಅಣ್ಣತಮ್ಮಂದಿರು ನಿಂತಿದ್ದರು. ಆಗಿದೆ ಎಂದರೆ ಯಾರ ಜೊತೆ ಎನ್ನುತ್ತಾರೆ, ಎಲ್ಲಿ ಎನ್ನುತ್ತಾರೆ, ನನ್ನ ಮನೆ ಹೇಳಬೇಕಾಗುತ್ತದೆ, ಗಂಡನಿಗೆ ಗೊತ್ತಾಗುತ್ತದೆ, ಶಾಲೆಗೆ ಮುಟ್ಟುತ್ತದೆ. ಇದೆಲ್ಲ ಒಂದೇ ಉಸಿರಿನಲ್ಲಿ ತಲೆಯೊಳಗೆ ಸುತ್ತಿತು. ಕಂಡಕ್ಟರಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ರಿ," ಎಂದೆ. "ಆಗಿದ್ದಿಲ್ಲ."

ಮುದುಕಿ ನಿಟ್ಟುಸಿರು ಬಿಟ್ಟು ಎದ್ದಳು. ಹುಡುಗನೊಬ್ಬ ಕಾಲುವೆ ದಂಡೆಯಿಂದ ಎದೆಯೆತ್ತರದ ಎಕ್ಕೆ ಗಿಡವನ್ನು ಬೇರುಸಹಿತ ಕಿತ್ತು ತಂದ. ಗಿಡ ಹೆಣದ ಪಕ್ಕದಲ್ಲಿ ನಿಲ್ಲಲಿಲ್ಲ, ಎರಡು ಸಲ ವಾಲಿ ಬಿತ್ತು. ಯಾರಾದರೂ ಹಿಡಿಯಿರಿ ಎಂದಳು ಮುದುಕಿ. ಆಗ ಕಂಡಕ್ಟರಮ್ಮ ಎದ್ದರು. ಹೆಂಗಸರನ್ನು ದಾಟಿ ಹೋಗಿ ಟೇಲರಕ್ಕನ ಬಲಕ್ಕೆ ನಿಂತು ಗಿಡವನ್ನು ಎರಡೂ ಕೈಯಲ್ಲಿ ಹಿಡಿದರು. ಯಾರಿಗೂ ಏನೂ ಅನಿಸಲಿಲ್ಲ, ಗೆಳತಿ ಪಾಪ ಕೈಗೂಡಿಸುತ್ತಿದ್ದಾಳೆ ಎಂದುಕೊಂಡರು. ಮುದುಕಿ ಅರಿಶಿನ ಕೊಂಬಿನ ದಾರವನ್ನು ಗಿಡಕ್ಕೆ ಮುಟ್ಟಿಸಿ ಟೇಲರಕ್ಕನ ಕೊರಳಿಗೆ ಕಟ್ಟಿದಳು. ಅಕ್ಕಿಕಾಳು ಬಿದ್ದವು. ಮುರಿದ ಎಲೆಯಿಂದ ಬಿಳಿ ಹಾಲು ಇಳಿದು ಕಂಡಕ್ಟರಮ್ಮನ ಮುಂಗೈ ದಾಟಿ ಕೋಟಿನ ತೋಳಿಗೆ ಹತ್ತಿತು. ಅವರು ಒರೆಸಿಕೊಳ್ಳಲಿಲ್ಲ. ಅವರ ತುಟಿ ಅಲುಗುತ್ತಿತ್ತು, ಏನೆಂದರೋ ನನಗೆ ಕೇಳಲಿಲ್ಲ. ನಾನು ಕೂತಲ್ಲೇ ಕೂತಿದ್ದೆ.

ಅವರ ಒಳ್ಳೆಯದಕ್ಕೇ ಹಾಗೆಂದೆ, ಗಲಾಟೆಯಾಗಿದ್ದರೆ ಅವರಿಗೇ ಅವಮಾನ ಎಂದು ವಾಪಸು ಬರುವಾಗ ಆಟೋದಲ್ಲಿ ನನಗೆ ನಾನೇ ಹೇಳಿಕೊಂಡೆ. ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಅವರೂ ಕೇಳಲಿಲ್ಲ.

ಜ್ವರ ಎಂದು ಬರೆದುಕೊಟ್ಟು ಎರಡು ದಿನ ರಜೆ ಹಾಕಿದರು, ಮೂರನೆಯ ದಿನ ಡ್ಯೂಟಿಗೆ ಬಂದರು. ನಾನು ಮಸ್ಕಿಯಲ್ಲಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಫ್ರೀ ಆದಂದಿನಿಂದ ಎಲ್ಲರೂ ಆಧಾರ್ ಕಾರ್ಡು ತೋರಿಸಬೇಕು, ಆದರೆ ನನ್ನದನ್ನು ಅವರು ಒಂದು ದಿನವೂ ನೋಡಿರಲಿಲ್ಲ. ನೋಡದೆಯೇ ಟಿಕೆಟ್ ಕೈಗಿಟ್ಟು ಮುಂದೆ ಹೋಗುತ್ತಿದ್ದರು. ಅಂದು ನನ್ನ ಮುಂದೆ ನಿಂತು, ಆಧಾರ್ ತೋರಿಸಿರಿ ಎಂದರು. ಚೀಲ ತಡಕಾಡಿ ತೆಗೆದುಕೊಟ್ಟೆ. ಫೋಟೋ ನೋಡಿದರು, ನನ್ನ ಮುಖ ನೋಡಿದರು, ಕಾರ್ಡು ಮರಳಿ ಕೊಟ್ಟು ಟಿಕೆಟ್ ಕೊಟ್ಟರು. ಮರುದಿನವೂ ಹಾಗೆಯೇ. ನಿವೃತ್ತಿಯಾಗುವ ತನಕ ಒಂದು ದಿನವೂ ತಪ್ಪಲಿಲ್ಲ. ಸಿಟ್ಟಿನ ದನಿಯಲ್ಲ, ಗುರುತಿಲ್ಲದ ಯಾರಿಗೋ ಹೇಳುವ ದನಿ. ಡಬ್ಬಿಯೂ ನಿಂತಿತು. ಲಿಂಗಸುಗೂರಿನಲ್ಲಿ ಅವರು ಕಾಗದದ ಪೊಟ್ಟಣದಿಂದ ಮಂಡಾಳು ತಿನ್ನುತ್ತ ಕಿಟಕಿಯ ಆಚೆ ನೋಡುತ್ತಿದ್ದರು.

ಮಸ್ಕಿಯಿಂದ ಲಿಂಗಸುಗೂರಿನವರೆಗೆ ರೋಡಿನ ದಂಡೆಗೆ ಎಕ್ಕೆ ಗಿಡಗಳು ಎಷ್ಟಿವೆ ಎಂದು ನನಗೆ ಮೊದಲು ಗೊತ್ತೇ ಇರಲಿಲ್ಲ. ಈಗ ಅವೇ ಕಾಣುತ್ತವೆ. ಕೆಲವು ಸಲ ಗಿಡದ ಹಿಂದೆ ಯಾರೋ ಅದನ್ನು ಹಿಡಿದು ನಿಂತ ಹಾಗೆ ಅನಿಸಿ ಬಸ್ಸು ದಾಟಿದ ಮೇಲೂ ತಿರುಗಿ ನೋಡುತ್ತೇನೆ. ಎಡಗಡೆ ಕೂರುವವಳು ಬಲಗಡೆ ಕೂರತೊಡಗಿದೆ. ಆ ಕಡೆಯೂ ಎಕ್ಕೆಯೇ.

ಈ ವರ್ಷ ಒಂಬತ್ತನೇ ತರಗತಿಯಲ್ಲಿ ಕುಟುಂಬದ ಮಾತು ಬಂದಾಗ ಹುಡುಗಿಯೊಬ್ಬಳು ಎದ್ದು ನಿಂತು, ಇಬ್ಬರು ಹೆಂಗಸರು ಮದುವೆಯಾಗಬಹುದೇ ಎಂದು ಕೇಳಿದಳು. ಅದಕ್ಕೆ ಇನ್ನೂ ಕಾನೂನಿಲ್ಲ ಎಂದೆ. ಕಾನೂನು ಕೇಳಿಲ್ಲ ಎಂದಳು.

"ನಾವು ಆಗೀವಿ ಅಂತ ಅವರಿಬ್ಬರೂ ಅಂದ್ರ, ಆದಂಗಲ್ಲೇನ್ರಿ ಮಿಸ್?"

ತರಗತಿಯಲ್ಲಿ ಯಾರೂ ನಗಲಿಲ್ಲ. ಅದೇ ನನಗೆ ಆಶ್ಚರ್ಯ. ಈ ಮಕ್ಕಳಿಗೆ ಇದು ನಾಚಿಕೆಯ ಮಾತೇ ಅಲ್ಲ, ಇವರ ಕಾಲಕ್ಕೆ ಮದುವೆ ಬೇರೆಯೇ ಆಗಿರುತ್ತದೆ, ಗಂಜಿ ಯಾರು ಕಾಸಬೇಕು ಎಂದು ಮೊದಲೇ ಬರೆದಿಟ್ಟಿರುವುದಿಲ್ಲ ಎಂದು ಅನಿಸಿತು. ಆ ಹುಡುಗಿ ಗೊರೇಬಾಳದ ಪಡಸಾಲೆಯಲ್ಲಿ ಕೂತಿದ್ದರೆ ಏನೆನ್ನುತ್ತಿದ್ದಳು ಎಂಬುದೂ ಅನಿಸಿತು. ಹೌದು, ಆದಂತೆಯೇ ಎಂದೆ ಅವಳಿಗೆ.

ನಿವೃತ್ತಿಯ ದಿನ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಹಾಲಿನಲ್ಲಿ ಸಣ್ಣ ಸಮಾರಂಭ. ದಿನವೂ ಓಡಾಡುವ ಪ್ರಯಾಣಿಕಳು ಎಂದು ನನ್ನನ್ನೂ ಕರೆದಿದ್ದರು. ಸನ್ಮಾನವೆಂದರೆ ಗಂಡಹೆಂಡತಿಯನ್ನು ಒಟ್ಟಿಗೆ ಕೂರಿಸುವುದು ನಮ್ಮ ಕಡೆಯ ಪದ್ಧತಿ. ವೇದಿಕೆಯ ಮೇಲೆ ಎರಡು ಖುರ್ಚಿ ಹಾಕಿದ್ದರು. ಮೇಡಂ ಒಬ್ಬರೇ ಎಂದು ಯಾರೋ ನೆನಪು ಮಾಡಿ ಒಂದನ್ನು ಎತ್ತಿಟ್ಟರು. ಮಾತಾಡಿದ ಸಾಹೇಬರೊಬ್ಬರು, ಇವರು ಮದುವೆಯಾಗದೆ ಸೇವೆಯನ್ನೇ ಮದುವೆಯಾದರು ಎಂದರು. ಜೋರು ಚಪ್ಪಾಳೆ ಬಿತ್ತು. ಕಂಡಕ್ಟರಮ್ಮ ಶಾಲು ಹೊದ್ದು ಮಡಿಲಲ್ಲಿ ಹಾರ ಇಟ್ಟುಕೊಂಡು ಕೂತಿದ್ದರು.

ನನ್ನ ಸರದಿ ಬಂತು. ಎರಡು ಮಾತು ಬರೆದುಕೊಂಡು ಹೋಗಿದ್ದ ಚೀಟಿಯನ್ನು ಬಿಚ್ಚಲಿಲ್ಲ. ಸಾಹೇಬರು ಹೇಳಿದ್ದು ತಪ್ಪು, ಇವರ ಮದುವೆಯಾಗಿತ್ತು, ಸಿಂಧನೂರಿನಲ್ಲಿ ಟೇಲರ್ ಆಗಿದ್ದ ಅಕ್ಕನ ಜೊತೆ, ನನ್ನ ಮನೆಯಲ್ಲಿ, ಹೂವು ಹಾಕಿದವಳು ನಾನು ಎಂದು ಮೈಕಿನಲ್ಲಿ ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಿರೂಪಣೆ ಮಾಡುತ್ತಿದ್ದವನು ಬೇಗ ಮೈಕು ಇಸಿದುಕೊಂಡು, ಟೀಚರ್ ಬಹಳ ಭಾವುಕರಾಗಿ ಮಾತಾಡಿದರು, ಈಗ ಉಪಾಹಾರದ ವ್ಯವಸ್ಥೆ ಇದೆ ಎಂದ. ಖುರ್ಚಿಗಳು ಸರಿದವು, ಜನ ಉಪ್ಪಿಟ್ಟಿನ ಕಡೆ ಹೊರಟರು.

ಹೊರಗೆ ನಳದ ಹತ್ತಿರ ಅವರು ಕೈ ತೊಳೆಯುತ್ತಿದ್ದರು. ಹೋಗಿ ನಿಂತೆ. ಅವರೇ ಮಾತಾಡುತ್ತಾರೆ ಎಂದು ಕಾದೆ. ಅಪ್ಪಿಕೊಳ್ಳುತ್ತಾರೆ ಎಂದೂ ಎಲ್ಲೋ ಆಸೆ ಇತ್ತು, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಅವರು ನಳ ನಿಲ್ಲಿಸಿ ಸೆರಗಿಗೆ ಕೈ ಒರೆಸಿಕೊಂಡರು.

"ಹಗುರಾತೇನ್ರಿ ಟೀಚರ್ ನಿಮಗ?"

ನಾನು ತಪ್ಪಾಯಿತು ಎಂದೆ. ಗೊರೇಬಾಳದಲ್ಲಿ ಹೇಳಬೇಕಾಗಿತ್ತು ಎಂದೆ. ಅವರು ತಲೆ ಅಲ್ಲಾಡಿಸಿದರು, ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ.

"ಅವತ್ತ ಕೇಳಿದ್ರು. ಇವತ್ತ ಯಾರ ಕೇಳ್ಯಾರ? ನಾ ಕೇಳೀನೇನು?"

ಶಾಲು ಮಡಚಿ ಚೀಲಕ್ಕೆ ತುರುಕಿ ಹೊರಟವರು ನಾಲ್ಕು ಹೆಜ್ಜೆ ಹೋಗಿ ನಿಂತರು. ಬೆನ್ನು ತಿರುಗಿಸಿಯೇ ಮಾತಾಡಿದರು.

"ಇನ್ನೊಮ್ಮಿ ಕೇಳ್ತಾರ. ನಾ ಸತ್ತ ದಿನ, ಸಾಲಗುಂದದಾಗ. ನಮ್ಮ ಮನಿತನದಾಗೂ ಐತಿ ಆ ರಿವಾಜು. ಅವತ್ತ ನಾ ಹೇಳಾಕ ಬರಂಗಿಲ್ಲ, ಗಿಡ ಹಿಡಿಯಾಕ ಆಕಿನೂ ಇಲ್ಲ. ನೀವು ಬರ್ರಿ."

ಬರುತ್ತೇನೆ ಎಂದೆ. ಅವರು ನಂಬಿದಂತೆ ಕಾಣಲಿಲ್ಲ.